ಗೆಳೆಯರ ಮೆಟಲ್ ಬ್ಯಾಂಡಿನ ಡೆಮೊ ಕೇಳಿ, ಇದ್ದದ್ದನ್ನು ಇದ್ದಹಾಗೆ ಹೇಳುವುದು ಹೇಗೆ?

"ಹೊಸ ಟ್ರ್ಯಾಕ್ ಕಳ್ಸಿದೀನಿ, ಕೇಳಿ ನಿಜ ಹೇಳು ಮಗಾ." ಈ ಮೆಸೇಜಿಗೆ ಸಾಮಾನ್ಯವಾಗಿ ಎರಡೇ ಉತ್ತರ ಹೋಗುತ್ತವೆ. ಒಂದು, "ಸಖತ್ತಾಗಿದೆ ಗುರು". ಇನ್ನೊಂದು, "ಮಿಕ್ಸ್ ಇನ್ನೂ ಸ್ವಲ್ಪ ಇಂಪ್ರೂವ್ ಆಗ್ಬೇಕು". ಮೊದಲನೆಯದು ದಾಕ್ಷಿಣ್ಯದ ಮಾತು, ಎರಡನೆಯದು ಜಾರಿಕೊಳ್ಳುವ ಮಾತು. ಎರಡರಲ್ಲಿ ಯಾವುದನ್ನು ಓದಿದರೂ ನಾಳೆ ಜಾಮ್ ರೂಮಿಗೆ (ಅಭ್ಯಾಸದ ಕೋಣೆಗೆ) ಹೋಗಿ ಏನು ಮಾಡಬೇಕೆಂದು ಬ್ಯಾಂಡಿನವರಿಗೆ ತಿಳಿಯುವುದಿಲ್ಲ.

ಮೆಟಲ್ ರೆಕಾರ್ಡಿಂಗಿನಲ್ಲಿ ತೊಂದರೆ ಕೇಳಿಸುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಗಿಟಾರ್ ಕೆಸರು ಕಲಸಿದಂತೆ ಕೇಳಿಸಿದರೆ ಎಲ್ಲರೂ ಮಿಕ್ಸ್ ಮಾಡಿದವನ, ಅಂದರೆ ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸಿದವನ, ಮುಖ ನೋಡುತ್ತಾರೆ. ಹುಡುಕುತ್ತಾ ಹೋದರೆ ಎರಡು ಟೇಕ್‌ಗಳು (ಒಂದೇ ಭಾಗವನ್ನು ನುಡಿಸಿದ ಎರಡು ರೆಕಾರ್ಡಿಂಗ್) ಒಟ್ಟಿಗೆ ಬಿದ್ದಿರುವುದಿಲ್ಲ, ಅಥವಾ ತಂತಿ ಸಡಿಲವಾಗಿರುತ್ತದೆ, ಅಥವಾ ರಿಫ್ಫೇ (ಗಿಟಾರಿನ ಚಿಕ್ಕ ಸ್ವರಗುಚ್ಛ) ಆ ವೇಗಕ್ಕೆ ತಾಳಿಕೊಳ್ಳುವಂಥದ್ದಲ್ಲ. ಕೇಳಿಸಿದ್ದನ್ನು ಹೇಳುವುದು ಅರ್ಧ ಕೆಲಸ. ಅದು ಹಾಡಿನದೋ, ಕೈಯದೋ, ಮೈಕಿನದೋ, ಮಿಕ್ಸಿನದೋ ಎಂದು ಬೇರ್ಪಡಿಸಿ ಹೇಳಿದಾಗಲೇ ಅದು ಪೂರ್ತಿಯಾಗುವುದು.

ಹಾಡು ಕೇಳುವ ಮುಂಚೆ ಅವರನ್ನು ಕೇಳಿ

ಮೊದಲು, ಇದು ಯಾವ ಹಂತದ ರೆಕಾರ್ಡಿಂಗ್ ಎಂದು ವಿಚಾರಿಸಿ. ಜಾಮ್ ರೂಮಿನ ಮೂಲೆಯಲ್ಲಿ ಒಂದು ಫೋನ್ ಇಟ್ಟು ಹಿಡಿದದ್ದೋ, ಮನೆಯಲ್ಲಿ ಆಡಿಯೊ ಇಂಟರ್‌ಫೇಸ್ ಇಟ್ಟುಕೊಂಡು ಒಂದೊಂದೇ ವಾದ್ಯ ಸೇರಿಸಿದ ಡೆಮೊನೋ, ಸ್ಟುಡಿಯೊದಿಂದ ಬಂದ ಕೊನೆಯ ಮಿಕ್ಸೋ? ಫೋನಿನ ರೆಕಾರ್ಡಿಂಗಿಗೆ ಮಿಕ್ಸ್ ಪಾಠ ಹೇಳುವುದು ವ್ಯರ್ಥ. ಅಲ್ಲಿ ಹಾಡಿನ ರಚನೆ, ವೇಗ, ಯಾರು ಎಲ್ಲಿ ತಾಳ ತಪ್ಪುತ್ತಿದ್ದಾರೆ ಎಂಬುದಷ್ಟೇ ವಿಷಯ.

ಇನ್ನೂ ಏನನ್ನು ಬದಲಿಸಲು ಸಾಧ್ಯ ಎನ್ನುವುದನ್ನೂ ಕೇಳಿ. ಡ್ರಮ್ಸ್ ನಿಜವಾಗಿ ನುಡಿಸಿದ್ದೋ ಪ್ರೋಗ್ರಾಂ ಮಾಡಿದ್ದೋ? ಗಿಟಾರಿನ ಡಿಐ ಟ್ರ್ಯಾಕ್ ಉಳಿಸಿದ್ದಾರೋ? ಡಿಐ ಎಂದರೆ ಆಂಪ್‌ಗೆ ಹೋಗುವ ಮುಂಚಿನ ಬರಿಯ ಗಿಟಾರ್ ಸಿಗ್ನಲ್. ಅದು ಇದ್ದರೆ ಟೋನ್ ಎಷ್ಟೇ ಕೆಟ್ಟಿದ್ದರೂ ಮತ್ತೆ ನುಡಿಸದೆ ಬೇರೆ ಆಂಪ್‌ನ ಮೂಲಕ ಹಾಯಿಸಬಹುದು. ಇಲ್ಲದಿದ್ದರೆ ಅದೇ ಸಲಹೆಗೆ ಎರಡು ಭಾನುವಾರಗಳ ಬೆಲೆ.

ಫೈಲನ್ನೂ ನೋಡಿ. ವಾಟ್ಸಾಪ್‌ನಲ್ಲಿ ವಿಡಿಯೊ ಮಾಡಿ ಕಳಿಸಿದ್ದರೆ ಧ್ವನಿ ಕುಗ್ಗಿರುತ್ತದೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಸಿಂಬಲ್‌ಗಳು ನೀರಿನೊಳಗಿಂದ ಬಂದಂತೆ ಸುರುಳಿ ಸುರುಳಿಯಾಗಿ ಕೇಳಿಸುತ್ತವೆ, ಆ ತಪ್ಪನ್ನು ಡ್ರಮ್ಮರ್ ತಲೆಗೆ ಕಟ್ಟಬಾರದು. ವೇವ್ ಫೈಲ್ ಅಥವಾ ಕಡಿಮೆಯೆಂದರೆ 320ರ ಎಂಪಿ3 ಕೇಳಿ ಪಡೆಯಿರಿ.

ಕಿವಿ ಸಿದ್ಧಪಡಿಸಿಕೊಳ್ಳುವುದು

ದುಬಾರಿ ಮಾನಿಟರ್ ಸ್ಪೀಕರ್ ಬೇಕಿಲ್ಲ. ನಿಮಗೆ ದಿನಾ ಅಭ್ಯಾಸವಿರುವ ಒಂದು ವೈರ್ ಹೆಡ್‌ಫೋನ್ ಸಾಕು. ಆದರೆ ಫೋನಿನ ಬೇಸ್ ಬೂಸ್ಟ್, ಡಾಲ್ಬಿ, ಇಕ್ವಲೈಜರ್ (ಇಕ್ಯೂ) ಎಲ್ಲ ಆಫ್ ಇರಲಿ. ಇದನ್ನು ಮರೆತು "ಬೇಸ್ ಜಾಸ್ತಿ ಆಯ್ತು" ಎಂದು ಬರೆದು ಕಳಿಸಿದವರಿಗೆ ಲೆಕ್ಕವಿಲ್ಲ.

ಹೋಲಿಸಲು ಅದೇ ಉಪಪ್ರಕಾರದ ಒಂದು ಹಾಡನ್ನು ಪಕ್ಕದಲ್ಲಿಟ್ಟುಕೊಳ್ಳಿ, ಯಾವುದು ಎಂದು ಬ್ಯಾಂಡಿನವರನ್ನೇ ಕೇಳಿ. 1998ರಿಂದ ನುಡಿಸುತ್ತಿರುವ ಕ್ರಿಪ್ಟೋಸ್ ಹಳೆಯ ಶೈಲಿಯ ಹೆವಿ ಮೆಟಲ್‌ನವರು. ಬೆವರ್ ಸೀ (ಜೋರಾಗಿ ಒಟ್ಟಿಗೆ ಓದಿ ನೋಡಿ, ಬೆಂಗಳೂರಿನವರಿಗೆ ನಗು ಬರುತ್ತದೆ) ನಿಧಾನ, ಭಾರದ ಡೂಮ್ ಕಡೆಯವರು. ಎರಡೂ ಒಂದೇ ಊರಿನ ಬ್ಯಾಂಡ್‌ಗಳೇ, ಆದರೂ ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆದರೆ ಇಬ್ಬರೂ ತಪ್ಪಾಗಿ ಕಾಣುತ್ತಾರೆ. ಇನ್ನು 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದ ನೆನಪನ್ನೋ, 2011ರ ಮೆಟಾಲಿಕಾ ನೆನಪನ್ನೋ ತಲೆಯಲ್ಲಿಟ್ಟುಕೊಂಡು ಮಲಗುವ ಕೋಣೆಯ ಡೆಮೊ ಅಳೆಯಬೇಡಿ.

ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳುವುದು ಕಡ್ಡಾಯ. ಮಾಸ್ಟರ್ ಆದ (ಬಿಡುಗಡೆಗೆಂದು ಕೊನೆಯ ಹದ ಕೊಟ್ಟ) ಹಾಡು ಮಾಸ್ಟರ್ ಆಗದ ಡೆಮೊಗಿಂತ 6ರಿಂದ 10 ಡೆಸಿಬೆಲ್ ಜೋರಾಗಿರುವುದು ಮಾಮೂಲು, ಮತ್ತು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ಮೋಸ ಹೋಗುತ್ತದೆ. ಜೋರಾದದ್ದನ್ನು ಇಳಿಸಿ. ಪಕ್ಕದಲ್ಲಿ ಕೂತವರ ಮಾತು ಕೇಳಿಸುವಷ್ಟು ಮಟ್ಟದಲ್ಲಿ ಕೇಳಿದರೆ ಗಂಟೆಗಟ್ಟಲೆ ಕಿವಿ ದಣಿಯದು.

ಮೂರು ಸಲ ಕೇಳಿ. ಮೊದಲ ಸಲ ನಿಲ್ಲಿಸದೆ, ಏನೂ ಬರೆದುಕೊಳ್ಳದೆ. ಗಮನ ಎಲ್ಲಿ ಜಾರಿತು, ಕೈ ಎಲ್ಲಿ ಫೋನಿನ ಕಡೆ ಹೋಯಿತು ಎನ್ನುವುದಷ್ಟೇ ನೆನಪಿರಲಿ. ಅದು ಎರಡನೇ ಸಲ ಸಿಗುವುದಿಲ್ಲ, ಅದಕ್ಕೇ ಅಷ್ಟು ಬೆಲೆ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ, ನಿಮಿಷ-ಸೆಕೆಂಡ್ ಸಮೇತ ಬರೆದುಕೊಳ್ಳಿ. ಮೂರನೇ ಸಲ ಫೋನಿನ ಸ್ಪೀಕರಿನಲ್ಲಿ, ಆಮೇಲೆ ಹೆಡ್‌ಫೋನ್‌ನಲ್ಲೇ ಮೋನೋ ಮಾಡಿ (ಎಡ, ಬಲ ಎರಡನ್ನೂ ಒಂದಾಗಿಸಿ). ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನೊಳಗೆ ಮೋನೋ ಆಡಿಯೊ ಸಿಗುತ್ತದೆ.

ಹಾಡು ನಿಂತಿದೆಯೇ?

ಸದ್ದಿನ ವಿಷಯಕ್ಕೆ ಹೋಗುವ ಮುಂಚೆ ರಚನೆ ನೋಡಿ. ಹೊಸ ಬ್ಯಾಂಡ್‌ಗಳ ದೊಡ್ಡ ಕಾಯಿಲೆ ರಿಫ್‌ಗಳ ಚಿತ್ರಾನ್ನ: ಐದು ನಿಮಿಷದಲ್ಲಿ ಒಂಬತ್ತು ರಿಫ್, ಯಾವುದೂ ಎರಡನೇ ಸಲ ಬರುವುದಿಲ್ಲ. ಪರೀಕ್ಷೆ ಸುಲಭ. ಹಾಡು ಮುಗಿದು ಹತ್ತು ನಿಮಿಷದ ಮೇಲೆ ಯಾವ ರಿಫ್ ಬಾಯಲ್ಲಿ ಬರುತ್ತದೆ? ಅದು ಹಾಡಿನಲ್ಲಿ ಎಷ್ಟು ಸಲ ಬಂದಿತ್ತು? ಒಂದೇ ಸಲ ಬಂದಿದ್ದರೆ ನಿಮ್ಮ ಮೊದಲ ಸಲಹೆ ಸಿಕ್ಕಿತು. ಇದರ ಉಲ್ಟಾ ಕಾಯಿಲೆಯೂ ಉಂಟು, ಒಂದೇ ರಿಫ್ ಎಂಟು ಸಲ ಕೂದಲೆಳೆಯಷ್ಟೂ ಬದಲಾಗದೆ ಬರುವುದು. ನಾಲ್ಕರ ನಂತರ ಡ್ರಮ್ಮರ್ ಹೈ-ಹ್ಯಾಟ್ ಬಿಟ್ಟು ರೈಡ್‌ಗೆ ಹೋದರೂ ಸಾಕು, ಕೇಳುವವರಿಗೆ ಜೀವ ಬರುತ್ತದೆ.

ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಜಾಗ ವಿಶೇಷವಾಗಿ ಗಮನಿಸಿ. ವೇಗ 168 ಬಿಪಿಎಂನಿಂದ (ನಿಮಿಷಕ್ಕೆ ಇಷ್ಟು ಬೀಟ್ ಎಂಬ ಲೆಕ್ಕ) 176ಕ್ಕೆ ಏರಿದ್ದು ಬೇಕೆಂದೇ ಮಾಡಿದ್ದೋ, ಕ್ಲಿಕ್ (ತಾಳ ಹಿಡಿಯಲು ಕೇಳಿಸಿಕೊಳ್ಳುವ ಟಿಕ್ ಟಿಕ್ ಸದ್ದು) ಇಲ್ಲದೆ ಉತ್ಸಾಹದಲ್ಲಿ ಓಡಿದ್ದೋ? ಟ್ಯಾಪ್ ಟೆಂಪೊ ಆ್ಯಪ್‌ನಲ್ಲಿ ಬೆರಳು ತಟ್ಟಿ ನೋಡಿ. ಎಲ್ಲರೂ ಒಟ್ಟಿಗೆ ಓಡಿದ್ದರೆ ಅದು ದೋಷವೇ ಅಲ್ಲ. ಡ್ರಮ್ಮರ್ ಓಡಿ ಉಳಿದವರು ಹಿಂದೆ ಏದುಸಿರು ಬಿಡುತ್ತಿದ್ದರೆ ದೋಷ.

ಕೈ: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಹವ್ಯಾಸಿ ಮೆಟಲ್‌ನಲ್ಲಿ "ಪ್ರೊಡಕ್ಷನ್ ಚೆನ್ನಾಗಿಲ್ಲ" ಎನ್ನಿಸುವುದರ ಬೇರು ಬಹುಪಾಲು ನುಡಿಸಾಣಿಕೆಯಲ್ಲಿರುತ್ತದೆ. 200 ಬಿಪಿಎಂನಲ್ಲಿ ಡಬಲ್ ಪೆಡಲ್ ಮೇಲೆ ಹದಿನಾರನೇ ಸ್ವರಗಳೆಂದರೆ (ಒಂದು ಬೀಟಿಗೆ ನಾಲ್ಕು ಏಟು) ನಿಮಿಷಕ್ಕೆ 800 ಏಟು, ಎರಡು ಏಟುಗಳ ನಡುವೆ ಬರೀ 75 ಮಿಲಿಸೆಕೆಂಡ್. ಅದರಲ್ಲಿ ಎಡಗಾಲು ಪ್ರತಿಸಲ 15-20 ಮಿಲಿಸೆಕೆಂಡ್ ತಡವಾದರೆ ನೇರ ಓಟ ಕುದುರೆ ನಾಗಾಲೋಟದಂತೆ ಕುಂಟುತ್ತದೆ. ಕೇಳುವವರಿಗೆ "ಕಿಕ್ ಸರಿಯಾಗಿ ಕೇಳ್ತಿಲ್ಲ" ಅನ್ನಿಸುತ್ತದೆ, ವಾಲ್ಯೂಮ್ ಏರಿಸುತ್ತಾರೆ, ಕುಂಟು ಇನ್ನೂ ಜೋರಾಗಿ ಕೇಳಿಸುತ್ತದೆ. ಅನುಮಾನ ಬಂದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಿ. ಏಟುಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿದ್ದರೆ ಕಾಲಿನದೇ ಸಮಸ್ಯೆ. ಮದ್ದು: ಕಾಲು ಸಮವಾಗಿ ಬೀಳುವ ವೇಗ 175 ಆಗಿದ್ದರೆ ಹಾಡನ್ನು 175ಕ್ಕೆ ಇಳಿಸುವುದು. ಡ್ರಮ್ಮರ್‌ಗಳಿಗೆ ಇದು ಅವಮಾನದಂತೆ ಕೇಳುತ್ತದೆ, ಆದರೆ ಸಮವಾಗಿ ಬಿದ್ದ 175 ಕುಂಟುವ 200ಕ್ಕಿಂತ ವೇಗವಾಗಿಯೇ ಕೇಳಿಸುತ್ತದೆ. ಪ್ರೋಗ್ರಾಂ ಮಾಡಿದ ಡ್ರಮ್ಸ್‌ನಲ್ಲಿ ಕಾಯಿಲೆ ತಿರುಗುಮುರುಗು: ಎಲ್ಲ ಏಟೂ ಒಂದೇ ಬಲದಲ್ಲಿ ಬಿದ್ದು ಸ್ನೇರ್ ಹೊಲಿಗೆ ಯಂತ್ರದಂತಾಗುತ್ತದೆ. ವೆಲಾಸಿಟಿಯನ್ನು (ಏಟಿನ ಬಲವನ್ನು) ಏಟಿನಿಂದ ಏಟಿಗೆ ಸ್ವಲ್ಪ ಏರಿಳಿಸಲು, ಬ್ಲಾಸ್ಟ್‌ಬೀಟ್‌ನಲ್ಲಿ (ಅತಿವೇಗದ ಡ್ರಮ್ ಏಟುಗಳ ಓಟದಲ್ಲಿ) ಸ್ನೇರ್ ಬಲ ತಗ್ಗಿಸಲು ಹೇಳಿ. ಮನುಷ್ಯ ಆ ವೇಗದಲ್ಲಿ ಪೂರ್ತಿ ಕೈ ಎತ್ತಿ ಹೊಡೆಯಲಾರ.

ಗಿಟಾರಿಗೆ ಬನ್ನಿ. ಮೆಟಲ್‌ನ ಅಗಲವಾದ ಸದ್ದು ಬರುವುದು ಒಂದೇ ರಿಫ್ಫನ್ನು ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಡುವುದರಿಂದ. ಸೋಮಾರಿತನಕ್ಕೆ ಒಂದೇ ಟೇಕನ್ನು ಕಾಪಿ ಮಾಡಿ ಸ್ವಲ್ಪ ಸರಿಸಿ ಇಡುವವರೂ ಇದ್ದಾರೆ. ಮೋನೋ ಪರೀಕ್ಷೆ ಹಿಡಿದುಕೊಡುವುದು ಇದನ್ನೇ. ಮೋನೋ ಒತ್ತಿದ ಕೂಡಲೇ ಗಿಟಾರ್ ಡಬ್ಬದೊಳಗೆ ಹೋದಂತಾದರೆ ಅದು ಕಾಪಿ. ನಿಜವಾಗಿ ಎರಡು ಸಲ ನುಡಿಸಿದ್ದರೆ, ರಿಫ್ ನಿಲ್ಲುವ ಜಾಗ ನೋಡಿ. ಶುರುವಾಗುವಾಗ ಎಲ್ಲರೂ ಸರಿಯಾಗಿರುತ್ತಾರೆ, ನಿಲ್ಲುವಾಗ ಬಣ್ಣ ಬಯಲಾಗುತ್ತದೆ. ಪಾಮ್ ಮ್ಯೂಟ್ ಆದ (ಅಂಗೈ ಅಂಚಿನಿಂದ ತಂತಿ ಒತ್ತಿ ಮೊಟಕುಮಾಡಿದ) ಕಡೆಯ ಏಟು "ಧಡ್" ಎಂದು ಕತ್ತರಿಸಬೇಕು. "ಧಡಡ್" ಎಂದರೆ ಎಡಗಡೆಯವನು ಕೈ ಇಟ್ಟಾಗ ಬಲಗಡೆಯವನು ಇನ್ನೂ ಇಟ್ಟಿಲ್ಲ.

ಶ್ರುತಿಯ ವಿಷಯದಲ್ಲಿ ಕೆಟ್ಟ ಸುದ್ದಿ ಹೇಳಲು ಹಿಂಜರಿಯಬೇಡಿ. ಯಾವ ಪ್ಲಗಿನ್ನೂ ಇದನ್ನು ನೆಟ್ಟಗೆ ಮಾಡದು. ಸ್ಟ್ಯಾಂಡರ್ಡ್ ಟ್ಯೂನಿಂಗ್‌ಗೆಂದು ತಂದ 10-46ರ (ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ ತಂತಿಗಳ ದಪ್ಪ) ತಂತಿ ಸೆಟ್ಟನ್ನೇ ಡ್ರಾಪ್ ಸಿ ಎಂಬ ತಗ್ಗಿದ ಶ್ರುತಿಗೆ ಇಳಿಸಿದರೆ, 82 ಹರ್ಟ್ಜ್‌ನಲ್ಲಿದ್ದ ದಪ್ಪ ತಂತಿ 65ಕ್ಕೆ ಬಂದು ಬಟ್ಟೆ ಒಣಹಾಕುವ ಹಗ್ಗದಂತಾಗುತ್ತದೆ. ಜೋರಾಗಿ ಪಿಕ್ ಮಾಡಿದಾಗ ಸ್ವರ ಮೊದಲು ಏರಿ ಆಮೇಲೆ ಕೆಳಗೆ ಜಾರುತ್ತದೆ. ಉದ್ದಕ್ಕೆ ಬಿಟ್ಟ ಒಂದು ಪವರ್ ಕಾರ್ಡ್‌ನ ಮೊದಲ ಅರ್ಧ ಸೆಕೆಂಡ್ ಕೇಳಿದರೆ ಸಿಕ್ಕಿಬೀಳುತ್ತದೆ. 12ರಿಂದ ಶುರುವಾಗಿ 56-60ರಲ್ಲಿ ಮುಗಿಯುವ ಸೆಟ್ ಹಾಕಿಸಿ, ಇಂಟೊನೇಷನ್ (ಗಿಟಾರಿನ ಕತ್ತಿನುದ್ದಕ್ಕೂ ಸ್ವರ ಸರಿಬೀಳುವಂತೆ ಮಾಡುವ ಹೊಂದಾಣಿಕೆ) ಮತ್ತೆ ಸರಿಮಾಡಿಸಿ, ಪ್ರತಿ ಟೇಕ್‌ಗೂ ಮುಂಚೆ ಶ್ರುತಿ ನೋಡಿ ಎಂದು ಬರೆಯಿರಿ. ಹೊಸ ಪ್ಲಗಿನ್‌ಗಿಂತ ಹೊಸ ತಂತಿ ಅಗ್ಗ.

ಗಂಟಲು, ಸಾಹಿತ್ಯ

ಗ್ರೌಲ್‌ನಲ್ಲಿ (ಗುರುಗುಟ್ಟುವ ಹಾಡುಗಾರಿಕೆಯಲ್ಲಿ) ಶಬ್ದ ಸ್ಪಷ್ಟವಾಗಬೇಕಿಲ್ಲ ಎಂಬುದು ಅರ್ಧಸತ್ಯ. ಲಯವಂತೂ ಸ್ಪಷ್ಟವಾಗಿರಬೇಕು, ಅದನ್ನು ಹೊರುವುದು ವ್ಯಂಜನಗಳು. ಕನ್ನಡದಲ್ಲಿ ಹಾಡುವ ಬ್ಯಾಂಡ್‌ಗಳಿಗೆ ಇದು ಇನ್ನೂ ಬಿಗಿ, ಏಕೆಂದರೆ ನಮ್ಮಲ್ಲಿ ಒತ್ತು, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. "ನನ್ನ ಕತೆ" ಎಂದು ಗುಡುಗುವ ಸಾಲು ರಿಫ್‌ಗೆ ಹೊಂದಿಸಲು ತಕಾರದ ಮೇಲೆ ನಿಂತರೆ "ನನ್ನ ಕತ್ತೆ" ಆಗುತ್ತದೆ. ಮೊದಲ ಪ್ರದರ್ಶನದಲ್ಲೇ ಯಾರಾದರೂ ಹಿಡಿದುಕೊಂಡು ಕೂಗುತ್ತಾರೆ, ಅದಕ್ಕಿಂತ ನೀವೇ ಈಗ ಹೇಳಿಬಿಡುವುದು ಮೇಲು. ಸಾಹಿತ್ಯವನ್ನು ಕೈಯಲ್ಲಿ ಹಿಡಿಯದೆ ಕೇಳಿ, ಕೇಳಿಸಿದ್ದನ್ನು ಬರೆದುಕೊಳ್ಳಿ, ಆಮೇಲೆ ತಾಳೆ ನೋಡಿ. ತಪ್ಪಾಗಿ ಕೇಳಿಸಿದ ಪದಗಳ ಪಟ್ಟಿಯೇ ಹಾಡುಗಾರನಿಗೆ ಒಳ್ಳೆಯ ಉಡುಗೊರೆ.

ಇನ್ನೊಂದು ಸಂಗತಿ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಎಂಟು ಸಾಲೂ "-ಇದೆ" ಎಂದು ಮುಗಿದರೆ ಅದು ಪ್ರಾಸವಲ್ಲ, ವ್ಯಾಕರಣ. ಪದಕ್ರಮ ಮುರಿದು ನೋಡಿ, ಅಥವಾ ನಮ್ಮ ಹಳೆಯ ಕವಿಗಳಂತೆ ಪ್ರಾಸವನ್ನು ಸಾಲಿನ ಎರಡನೇ ಅಕ್ಷರಕ್ಕೆ ತನ್ನಿ ಎಂದು ಸೂಚಿಸಬಹುದು. ಡೌನ್‌ಬೀಟ್ ಮೇಲೆ ಬೀಳುವ ಆದಿಪ್ರಾಸ ಥ್ರ್ಯಾಷ್ ರಿಫ್‌ಗೆ ಹೇಳಿಮಾಡಿಸಿದಂತಿರುತ್ತದೆ.

ಗಂಟಲು ಕೆರೆದು ಹಾಡುತ್ತಿದ್ದರೆ, ಅಂದರೆ ಹಾಡಿನ ಕೊನೆಯ ನಿಮಿಷದ ಹೊತ್ತಿಗೆ ಸ್ವರ ತೆಳ್ಳಗಾಗಿ ಕೆಮ್ಮಿನ ಅಂಚಿಗೆ ಬಂದಿದ್ದರೆ, ಅದನ್ನೂ ಹೇಳಿ. ಅದು ಶೈಲಿಯಲ್ಲ, ಉಸಿರಿನ ಆಧಾರವಿಲ್ಲದಿರುವುದು.

ಮೈಕು ಮತ್ತು ಮಿಕ್ಸ್

ಗೇನ್ (ಗಿಟಾರಿನ ಒಡಕು ಸದ್ದಿನ ಪ್ರಮಾಣ) ಹೆಚ್ಚಾಗಿದೆಯೇ ಎಂದು ತಿಳಿಯಲು ಮೂರು ಸ್ವರದ ಒಂದು ಕಾರ್ಡ್ ಕೇಳಿ. ಸ್ವರಗಳು ಬೇರೆ ಬೇರೆಯಾಗಿ ಸಿಗದೆ ಒಂದೇ ಗರಗಸದ ಸದ್ದಾದರೆ ಹೆಚ್ಚಾಗಿದೆ. ಎರಡು ಅಥವಾ ನಾಲ್ಕು ಟ್ರ್ಯಾಕ್ ಸೇರಿದಾಗ ಗೇನ್ ಕೂಡುತ್ತಾ ಹೋಗುವುದರಿಂದ, ರಿಹರ್ಸಲ್‌ನಲ್ಲಿ ಇಷ್ಟವಾದ ಮಟ್ಟಕ್ಕಿಂತ ಕಾಲು ಭಾಗ ಕಡಿಮೆ ಇಟ್ಟು ನುಡಿಸಲು ಹೇಳಿ. ರಿಫ್‌ಗಳ ನಡುವಿನ ಮೌನದಲ್ಲಿ ಜುಂಯ್ ಎನ್ನುತ್ತಿದ್ದರೆ ಅದು 50 ಹರ್ಟ್ಜ್ ಕರೆಂಟಿನ ಗುನುಗು. ಅರ್ಥಿಂಗ್ ಇಲ್ಲದ ಪಿನ್ ಅಥವಾ ಅದೇ ಲೈನಿನಲ್ಲಿರುವ ಫ್ಯಾನ್ ರೆಗ್ಯುಲೇಟರ್ ಮೇಲೆ ಮೊದಲ ಅನುಮಾನ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದೇವಲ್ಲ ಎಂದರೆ, ಅದು ಬೇಸ್ ಸದ್ದನ್ನು ಹೀರುವುದೂ ಇಲ್ಲ, ಪಕ್ಕದ ಮನೆಗೆ ಹೋಗುವುದನ್ನು ತಡೆಯುವುದೂ ಇಲ್ಲ. ಹಾಡುವವನ ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ.

ಬೇಸ್ ಗಿಟಾರ್ ಪರೀಕ್ಷೆ ಫೋನ್ ಸ್ಪೀಕರಿನಲ್ಲಿ. ಅದರ ದಪ್ಪ ತಂತಿ 41 ಹರ್ಟ್ಜ್, ಫೋನು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಆದರೂ ಬೇಸ್‌ನ ಮೇಲಿನ ಸ್ವರಾಂಶಗಳು, 700 ಹರ್ಟ್ಜ್‌ನಿಂದ 1 ಕಿಲೊಹರ್ಟ್ಜ್ ಸುತ್ತಿನ ಆ ಗರಗರ, ಕೇಳಿಸಬೇಕು. ಇಲ್ಲವೆಂದರೆ ಬೇಸ್‌ಗೆ ಸ್ವಲ್ಪ ಡಿಸ್ಟಾರ್ಷನ್ ಬೆರೆಸಿ, ಗಿಟಾರಿನಲ್ಲಿ ಸುಮಾರು 80-100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ ಎನ್ನಿ. "1988ರ ಮೆಟಾಲಿಕಾ ಆಲ್ಬಮ್‌ನಲ್ಲೂ ಬೇಸ್ ಕೇಳಲ್ವಲ್ಲ" ಎಂದು ವಾದಿಸುವವರು ಇದ್ದೇ ಇರುತ್ತಾರೆ. ಕೇಳುವುದಿಲ್ಲ, ನಿಜ. ಅಂಥ ಹಾಡು ಬರೆದವರಿಗೆ ಅಷ್ಟು ಮಾಫಿ.

ಕಿಕ್ ಡ್ರಮ್ಮಿನ ಲೆಕ್ಕವೂ ಹೀಗೇ. 50 ಹರ್ಟ್ಜ್‌ನ ಒಂದು ಅಲೆಗೆ 20 ಮಿಲಿಸೆಕೆಂಡ್ ಬೇಕು. ಆ 75 ಮಿಲಿಸೆಕೆಂಡ್ ಸಂದಿಯಲ್ಲಿ ನಾಲ್ಕು ಅಲೆಯೂ ಹಿಡಿಯುವುದಿಲ್ಲ. ಆದ್ದರಿಂದ ವೇಗದ ಹಾಡಿನಲ್ಲಿ ಉದ್ದ ಬಾಲದ ಕಿಕ್ ಬರೀ ಗುಂಯ್‌ಗುಟ್ಟುತ್ತದೆ. ಬಾಲ ಮೊಟಕುಮಾಡಿ 3-5 ಕಿಲೊಹರ್ಟ್ಜ್‌ನ "ಟಕ್" ಸ್ವಲ್ಪ ಎತ್ತಬೇಕು, ಟೈಪ್‌ರೈಟರ್ ಆಗದಷ್ಟು ಮಾತ್ರ. ಒಟ್ಟು ಮಿಕ್ಸೇ ಮಂಕಾಗಿದ್ದರೆ 200-400 ಹರ್ಟ್ಜ್ ಸುತ್ತ, ಗಿಟಾರ್ ಕಿವಿ ಚುಚ್ಚಿದರೆ 6 ಕಿಲೊಹರ್ಟ್ಜ್‌ನ ಮೇಲೆ ನೋಡಿ ಎನ್ನಿ.

ಮಾಸ್ಟರಿಂಗ್ ಬಗ್ಗೆ ಎರಡೇ ಮಾತು. ಸ್ನೇರ್ ಬಿದ್ದಾಗಲೆಲ್ಲ ಉಳಿದ ಸದ್ದು ಕುಸಿದರೆ ಅಥವಾ ಚರಚರ ಎಂದರೆ ಲಿಮಿಟರ್ (ಸದ್ದಿನ ಶಿಖರಗಳನ್ನು ತಡೆಹಿಡಿಯುವ ಸಾಧನ) ಅತಿಯಾಗಿದೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ −14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಸುತ್ತ ತರುವುದರಿಂದ, ಹಿಂಡಿ ಹಿಂಡಿ −6ಕ್ಕೆ ಏರಿಸಿದ್ದು ಅಲ್ಲಿ ಇಳಿದೇ ಕೇಳಿಸುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

ಇಷ್ಟೆಲ್ಲದರ ನಡುವೆ ಒಂದು ಎಚ್ಚರ. ತೆಳ್ಳಗಿನ, ಒರಟಾದ ಸದ್ದು ಬ್ಲ್ಯಾಕ್ ಮೆಟಲ್‌ನಲ್ಲಿ ಬೇಕೆಂದೇ ಆರಿಸಿಕೊಂಡದ್ದಿರಬಹುದು. ಆಯ್ಕೆಯೋ ದೋಷವೋ ಎಂದು ತಿಳಿಯಲು ಅದು ಹಾಡಿನುದ್ದಕ್ಕೂ ಒಂದೇ ಸಮ ಇದೆಯೇ ನೋಡಿ. ಮೊದಲ ಚರಣದಲ್ಲಿ ಒರಟು, ಸೋಲೋದಲ್ಲಿ ನುಣುಪು ಎಂದರೆ ಆಯ್ಕೆಯಲ್ಲ. ಅನುಮಾನವಿದ್ದರೆ ಕೇಳಿಬಿಡಿ.

ಬರೆದು ಕಳಿಸುವುದು

ನಿಮ್ಮ ಬಳಿ ಈಗ ಇಪ್ಪತ್ತು ಟಿಪ್ಪಣಿ ಇರುತ್ತವೆ. ಮೂರು ಮಾತ್ರ ಕಳಿಸಿ. ಇಪ್ಪತ್ತನ್ನೂ ಕಳಿಸಿದರೆ ಅವರು ಸುಲಭವಾದ ಹದಿನೇಳನ್ನು ಮಾಡಿ ದೊಡ್ಡ ಮೂರನ್ನು ಬಿಡುತ್ತಾರೆ. ಆರಿಸುವಾಗ ಮೂಲಕ್ಕೆ ಹತ್ತಿರವಾದದ್ದು ಮೊದಲು: ರಚನೆ, ಆಮೇಲೆ ಕೈ, ಆಮೇಲೆ ಸದ್ದು. ಪ್ರತಿಯೊಂದರಲ್ಲೂ ಸಮಯ, ಕೇಳಿಸಿದ್ದು, ಇರಬಹುದಾದ ಕಾರಣ, ಮಾಡಿನೋಡಬೇಕಾದ ಒಂದು ಕೆಲಸ ಇರಲಿ.

"ಗಿಟಾರ್ ಟೈಟ್ ಇಲ್ಲ" ಎಂದು ಬರೆಯುವ ಬದಲು ಹೀಗೆ:

"1:12ರಲ್ಲಿ ಎರಡನೇ ರಿಫ್ ನಿಲ್ಲೋ ಕಡೆ ಎಡಗಡೆ ಗಿಟಾರ್ ಸ್ವಲ್ಪ ಬೇಗ ಕಟ್ ಆಗ್ತಿದೆ, ‘ಧಡ್’ ಬದಲು ‘ಧಡಡ್’ ಕೇಳುತ್ತೆ. ಎರಡು ಟೇಕ್ ಬೇರೆ ಬೇರೆ ದಿನ ನುಡಿಸಿದ್ರಾ? ಎಡಗಡೆಯ ಆ ನಾಲ್ಕು ಬಾರ್ ಮಾತ್ರ, ಬಲಗಡೆಯದನ್ನ ಹೆಡ್‌ಫೋನಲ್ಲಿ ಹಾಕ್ಕೊಂಡು ಇನ್ನೊಂದ್ಸಲ ತೆಗೀರಿ. ಇಕ್ಯೂ ಮುಟ್ಟೋದು ಬೇಡ."

ಹೊಗಳಿಕೆಯೂ ಇಷ್ಟೇ ನಿಖರವಾಗಿರಲಿ. "2:40ರಲ್ಲಿ ಡ್ರಮ್ಸ್ ಅರ್ಧ ವೇಗಕ್ಕೆ ಬಿದ್ದಾಗ ತಲೆ ತಾನಾಗೇ ಅಲ್ಲಾಡ್ತು, ಅದನ್ನ ಯಾವ ಕಾರಣಕ್ಕೂ ಬದಲಾಯಿಸ್ಬೇಡಿ." ಯಾವುದನ್ನು ಕೆಡಿಸಬಾರದು ಎನ್ನುವುದೂ ಮಾಹಿತಿಯೇ. ಮುಂದಿನ ಆವೃತ್ತಿಯಲ್ಲಿ ಚೆನ್ನಾಗಿದ್ದದ್ದೇ ಮಾಯವಾಗುವುದು ಬಹಳ.

ಒಬ್ಬನ ನುಡಿಸಾಣಿಕೆಯ ದೋಷವನ್ನು ಬ್ಯಾಂಡಿನ ಗ್ರೂಪಿನಲ್ಲಿ ಹಾಕಬೇಡಿ. ಅವನಿಗೇ ಫೋನ್ ಮಾಡಿ. "ನೀನು ತಪ್ಪು ಹೊಡೀತಿದೀಯ" ಎನ್ನುವುದರ ಬದಲು "ಆ ಬಾರ್‌ನಲ್ಲಿ ಎಡಗಾಲಿನ ಏಟು ಹಿಂದೆ ಬೀಳ್ತಿದೆ" ಎಂದರೆ ಅದೇ ವಿಷಯ ಇಳಿಯುತ್ತದೆ. ಅವನು ವಯಸ್ಸಿನಲ್ಲಿ ದೊಡ್ಡವನಾಗಿದ್ದರೆ "ಅಣ್ಣಾ, ಒಂದ್ಸಲ ಅರ್ಧ ಸ್ಪೀಡಲ್ಲಿ ಕೇಳಿ ನೋಡಿ" ಎಂದರೆ ಸಾಕು, ಉಳಿದದ್ದನ್ನು ಅವನ ಕಿವಿಯೇ ಹೇಳುತ್ತದೆ.

ಹಾಡು ಈಗಾಗಲೇ ಬಿಡುಗಡೆಯಾಗಿದ್ದರೆ ಮಿಕ್ಸ್ ಟಿಪ್ಪಣಿ ಬರೆಯಬೇಡಿ. ಮುಂದಿನ ಹಾಡಿಗೆ ಅನ್ವಯಿಸುವ ಒಂದನ್ನು ಮಾತ್ರ ಹೇಳಿ. ಹಾಡೇ ಇಷ್ಟವಾಗದಿದ್ದರೆ, "ಈ ಬಗೆಯ ಸಂಗೀತ ನಾನು ಕೇಳೋದು ಕಮ್ಮಿ, ಅದಕ್ಕೆ ನುಡಿಸಿದ್ದರ ಬಗ್ಗೆ ಮಾತ್ರ ಹೇಳ್ತೀನಿ" ಎಂದು ಮೊದಲ ಸಾಲಿನಲ್ಲೇ ಬರೆಯುವುದು ಮರ್ಯಾದೆ.

ಎರಡನೇ ಆವೃತ್ತಿ ಬಂದಾಗ

ಹಳೆಯ ಫೈಲನ್ನು ಅಳಿಸದೆ ಇಟ್ಟುಕೊಂಡಿರಿ. ಎರಡನ್ನೂ ಪಕ್ಕಪಕ್ಕ ಹಾಕಿ, ಹೊಸದು ಜೋರಾಗಿದ್ದರೆ (ಜೋರಾಗಿಯೇ ಇರುತ್ತದೆ) ಹಳೆಯದರ ಮಟ್ಟಕ್ಕೆ ಇಳಿಸಿ. ಹೊಸ ಟಿಪ್ಪಣಿ ಶುರುಮಾಡಬೇಡಿ. ಮೊದಲು ಹೇಳಿದ ಮೂರು ಆಗಿವೆಯೇ, 2:40 ಹಾಗೇ ಉಳಿದಿದೆಯೇ, ಅಷ್ಟು ನೋಡಿ. 1:12ಕ್ಕೆ ಹೋಗಿ ಒಮ್ಮೆ ಹೆಡ್‌ಫೋನ್‌ನಲ್ಲಿ, ಒಮ್ಮೆ ಮೋನೋದಲ್ಲಿ ಕೇಳಿ. "ಧಡ್" ಒಂದೇ ಏಟಿಗೆ ಬಿದ್ದರೆ ಆ ಸಾಲಿನ ಮುಂದೆ ಸರಿ ಗುರುತು ಹಾಕಿ ಕಳಿಸಿಬಿಡಿ.